ಮನೆವಾರ್ತೆ: ಅಟ್ಟದಿಂದ ಇಳಿದ ಸಾಮಾನು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಅವರಿಗೆ ಅಟ್ಟ ಇಳಿಸುವ ಪ್ರಸಂಗ ಬಂದಿರಲಿಲ್ಲವೆಂದು ಕಾಣುತ್ತದೆ. ಬಂದಿದ್ದರೆ ‘ಅಟ್ಟ ಇಳಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಖಂಡಿತ ಸೇರಿಸುತ್ತಿದ್ದರು. ಈ ಸಲದ ಧನುರ್ಮಾಸದಲ್ಲಿ ನನಗೆ ಆ ಯೋಗ ಕೂಡಿಬಂತು. ಅದರಿಂದ ಕಲಿತದ್ದನ್ನೂ, ಮಾಡಿದ ಒಂದು ದೊಡ್ಡ ತಪ್ಪನ್ನೂ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ನೀವಾದರೂ ಆ ತಪ್ಪು ಮಾಡಬೇಡಿ.

ನಮ್ಮದು ಅರಸೀಕೆರೆಯಲ್ಲಿ ಹಳೆಯ ಹೆಂಚಿನ ಮನೆ. ಹಿತ್ತಿಲಲ್ಲಿ ಬಾವಿ, ನಾಲ್ಕಾರು ತೆಂಗಿನ ಮರ. ಮನೆಯಲ್ಲಿ ನಾನು, ನಮ್ಮವರು, 86 ದಾಟಿದ ನಮ್ಮತ್ತೆ. ಮಗ ಸೊಸೆ ಇಬ್ಬರೂ ಬೆಂಗಳೂರಿನಲ್ಲಿ. ಸೊಸೆಗೆ ಅಲ್ಲೊಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಡಿಸೆಂಬರಿನಲ್ಲಿ ಒಂದು ಸಂಜೆ ಅವಳ ಫೋನು ಬಂತು.

“ಅತ್ತೆ, ನಮ್ಮ ಆಫೀಸಿನಲ್ಲಿ ವರ್ಷಕ್ಕೊಂದು ಥೀಮ್ ಪಾರ್ಟಿ ಮಾಡ್ತಾರೆ.”

“ಹಾಗಂದ್ರೇನಮ್ಮಾ?”

“ಒಂದು ವಿಷಯ ಇಟ್ಟುಕೊಳ್ಳೋದು. ಊಟ, ಉಡುಗೆ, ಆಟ ಎಲ್ಲ ಅದಕ್ಕೆ ಹೊಂದಬೇಕು. ಈ ಸಲ ‘ಅಜ್ಜಿ ಮನೆ’ ಅಂತ ಆಗಿದೆ. ಹೋಟೆಲಿನವರು ಥರ್ಮೋಕೋಲಿನ ಬಾವಿ, ಪ್ಲಾಸ್ಟಿಕ್ ಲಾಟೀನು ಎಲ್ಲ ತಂದಿಡ್ತೀವಿ ಅಂತಿದಾರೆ. ಸುಳ್ಳು ಬಾವಿ ಯಾಕೆ ಅತ್ತೆ? ನಮ್ಮನೇಲಿ ನಿಜವಾದ ಬಾವೀನೇ ಇದೆ, ನಿಜವಾದ ಅಜ್ಜೀನೂ ಇದಾರೆ. ಸಂಕ್ರಾಂತಿ ಆದ ಮೇಲಿನ ಭಾನುವಾರ ಎಲ್ಲರನ್ನೂ ಕರ್ಕೊಂಡು ಬರಲಾ? ಹದಿನಾರು ಜನ ಆಗ್ತೀವಿ.”

ನನಗೆ ಸಂತೋಷವೂ ಆಯಿತು, ಎದೆಯೂ ಧಸಕ್ಕೆಂದಿತು. ಹದಿನಾರು ಜನಕ್ಕೆ ಅಡಿಗೆ ಮಾಡುವುದು ದೊಡ್ಡದಲ್ಲ. ಅವರನ್ನು ಕೂರಿಸುವುದೆಲ್ಲಿ? ನಡುಮನೆಯಲ್ಲಿ ಎರಡು ಹಳೇ ಮಂಚ, ಮೂಲೆಯಲ್ಲಿ ಕೆಟ್ಟ ಟೀವಿ, ಅದರ ಮೇಲೆ ಕೆಟ್ಟ ಮಿಕ್ಸಿ, ಅದರ ಮೇಲೆ ಹಳೇ ಪಂಚಾಂಗಗಳ ಕಟ್ಟು. ಕೋಣೆಯಲ್ಲಿ ಟ್ರಂಕಿನ ಮೇಲೆ ಟ್ರಂಕು. ಅಟ್ಟದ ಸಂಗತಿಯಂತೂ ಕೇಳಲೇಬೇಡಿ. ಹತ್ತು ವರ್ಷದಿಂದ ಅಲ್ಲಿಗೆ ಬೆಕ್ಕು ಬಿಟ್ಟರೆ ಬೇರೆ ಯಾರೂ ಹತ್ತಿರಲಿಲ್ಲ.

ಸರಿ, ಸೆರಗು ಸಿಕ್ಕಿಸಿ ನಿಂತೆ.

ಮೊದಲ ವಾರ: ಗುಡ್ಡೆ ಹಾಕುವ ಕೆಲಸ

ಇಡೀ ಮನೆಗೆ ಒಂದೇ ದಿನ ಕೈಹಾಕಬೇಡಿ. ಎಲ್ಲವೂ ನಡುಮನೆಗೆ ಬಂದು ಬೀಳುತ್ತದೆ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ, ಮಾರನೆಯ ದಿನ ಎಲ್ಲವನ್ನೂ ಮತ್ತೆ ಒಳಗೇ ತುರುಕುತ್ತೇವೆ. ದಿನಕ್ಕೆ ಒಂದು ಕಪಾಟು, ಇಲ್ಲವೇ ಒಂದು ಟ್ರಂಕು. ಬೆಳಗಿನ ಅಡಿಗೆ ಮುಗಿದ ಮೇಲೆ ಎರಡು ಗಂಟೆ ಸಾಕು.

ಅಟ್ಟ ಹತ್ತುವವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸದ ತೊಂದರೆ ಇರುವವರು ಹತ್ತಲೇಬೇಡಿ. ಕತ್ತಲ ಮೂಲೆಗೆ ಬರಿಗೈ ಹಾಕದೆ ಮೊದಲು ಟಾರ್ಚ್ ಬಿಟ್ಟು ನೋಡಿ, ಕೋಲಿನಿಂದ ತಟ್ಟಿ. ಹಳೇ ಗೋಣಿಚೀಲದಲ್ಲಿ ಚೇಳು ಸಂಸಾರ ಹೂಡಿರುವುದು ಹೊಸದಲ್ಲ.

ಇಳಿದ ಸಾಮಾನನ್ನು ಗುಡ್ಡೆ ಮಾಡಬೇಕು. ದಿನಾ ಬೇಕಾದದ್ದು ಒಂದು. ಹಬ್ಬ ಹುಣ್ಣಿಮೆಗೆ, ವರ್ಷಕ್ಕೊಮ್ಮೆ ಬೇಕಾದದ್ದು ಎರಡು. ಚೆನ್ನಾಗಿದೆ ಆದರೆ ನಮಗೆ ಬೇಡ, ಯಾರಿಗಾದರೂ ಕೊಡಬಹುದು ಎನ್ನುವಂಥದ್ದು ಮೂರು. ಗುಜರಿಗೆ ಹೋಗುವುದು ನಾಲ್ಕು. ನಾನು ಮಾಡಿದ್ದು ಈ ನಾಲ್ಕೇ. ಐದನೆಯ ಗುಡ್ಡೆಯೊಂದು ಇರಬೇಕಾಗಿತ್ತು. ಅದನ್ನು ಮಾಡದೆ ಹೋದದ್ದಕ್ಕೆ ಏನಾಯಿತೆಂದು ಮುಂದೆ ಹೇಳುತ್ತೇನೆ.

ರೇಷ್ಮೆ ಸೀರೆಗಳ ಟ್ರಂಕಿನಿಂದ ಶುರು ಮಾಡಿದೆ. ಜರಿ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯ ಗುಂಟ ಬಿರಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಿಸಿಡಿ. ಬಿಸಿಲು ಬೇಡ. ಪ್ಲಾಸ್ಟಿಕ್ ಚೀಲವೂ ಬೇಡ. ಒಗೆದು ಮೆತ್ತಗಾದ ಹಳೇ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಬದಲಿಗೆ ಒಣಗಿದ ಬೇವಿನೆಲೆ, ಬಜೆ, ಲವಂಗ ಇವನ್ನು ಸಣ್ಣ ಬಟ್ಟೆ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡಿ. ಹರಿದ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಡುವ ಮೊದಲು ಜರಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಹಳೇ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ.

ನಮ್ಮತ್ತೆಯ ಒಂದು ನೇರಳೆ ಸೀರೆಯ ಮಡಿಕೆಯಿಂದ ಏಳು ನೋಟು ಕೆಳಗೆ ಬಿದ್ದವು. ಎಲ್ಲ ಹಳೇ ಐನೂರರವು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಮುಖ ಸಣ್ಣದು ಮಾಡಿಕೊಂಡು, “ಮೊಮ್ಮಗಳ ಮದುವೇಲಿ ಕೊಡೋಣ ಅಂತ ಇಟ್ಟಿದ್ದೆ ಕಣೇ, ಮರ್ತೇಬಿಟ್ಟೆ” ಎಂದರು. 2016ರ ನವೆಂಬರ್ 8ರ ರಾತ್ರಿ ರದ್ದಾದ ನೋಟುಗಳು. ಈಗ ಯಾವ ಬ್ಯಾಂಕಿನಲ್ಲೂ ನಡೆಯುವುದಿಲ್ಲ. ಅಂಥವು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾನೂನಿನ ಪ್ರಕಾರ ತಪ್ಪು ಎಂಬುದೂ ನೆನಪಿರಲಿ. ಎರಡು ಸಾವಿರದ ನೋಟಿನ ಸಂಗತಿ ಬೇರೆ. ಅದನ್ನು ಹಿಂದಕ್ಕೆ ಪಡೆಯುವುದಾಗಿ 2023ರ ಮೇ 19ರಂದು ರಿಸರ್ವ್ ಬ್ಯಾಂಕು ಹೇಳಿತು. ಊರಿನ ಬ್ಯಾಂಕುಗಳಲ್ಲಿ ಕೊಡುವ ಗಡುವು ಅದೇ ವರ್ಷದ ಅಕ್ಟೋಬರ್ 7ಕ್ಕೆ ಮುಗಿಯಿತು. ಆಮೇಲೆ ಬೆಂಗಳೂರೂ ಸೇರಿದಂತೆ ರಿಸರ್ವ್ ಬ್ಯಾಂಕಿನ ಕೆಲವು ಕಚೇರಿಗಳಲ್ಲಿ, ಅಂಚೆಯ ಮೂಲಕವೂ, ಅವನ್ನು ಖಾತೆಗೆ ಜಮಾ ಮಾಡಿಸಲು ಅವಕಾಶ ಮಾಡಿಕೊಟ್ಟರು. ಆದ್ದರಿಂದ ಸಾಸಿವೆ ಡಬ್ಬ, ಸೀರೆ ಮಡಿಕೆ, ದೇವರ ಪಟದ ಹಿಂಭಾಗ, ಎಲ್ಲ ಕಡೆ ಒಮ್ಮೆ ಕೈಯಾಡಿಸಿ. ನಮ್ಮ ಬ್ಯಾಂಕುಗಳು ಅವೇ ತಾನೆ!

ಕಾಗದಪತ್ರದ ಟ್ರಂಕನ್ನು ಮಾತ್ರ ಅವಸರದಲ್ಲಿ ತೆಗೆಯಬೇಡಿ. ಒಂದೊಂದು ಹಾಳೆಯನ್ನೂ ತಿರುವಿ ಹಾಕಿ. ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿ, ಪೋಸ್ಟಾಫೀಸಿನ ಪಾಸ್‌ಬುಕ್ಕು, ಜನನ ಮರಣದ ಪತ್ರ ಇವನ್ನು ಬೇರೆ ತೆಗೆದಿಡಿ. ನೋಂದಾಯಿತ ಪತ್ರ ಕಳೆದುಹೋಗಿದ್ದರೆ ದೃಢೀಕೃತ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಹಳೇ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ; ಒಮ್ಮೆ ಅಂಟಿಸಿದರೆ ಬಿಡಿಸಲು ಬರುವುದಿಲ್ಲ. ನಮ್ಮ ಮಾವನವರ ಟ್ರಂಕಿನಲ್ಲಿ ಮನೆಯ ಕ್ರಯಪತ್ರದ ಜೊತೆ ರೇಡಿಯೋ ಲೈಸೆನ್ಸಿನ ಪುಸ್ತಕವೂ ಸಿಕ್ಕಿತು. ಒಂದು ಕಾಲಕ್ಕೆ ರೇಡಿಯೋ ಕೇಳಲೂ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ.

ಹಳೇ ಮಾತ್ರೆ, ಸೆಲ್ಲು, ಒಡೆದ ಟ್ಯೂಬ್‌ಲೈಟುಗಳನ್ನು ಹಸಿ ಕಸದ ಜೊತೆ ಹಾಕದೆ ಬೇರೆ ಕಟ್ಟಿ ಪುರಸಭೆ ಗಾಡಿಯವರಿಗೆ ಹೇಳಿಯೇ ಕೊಡಿ. ಅವಧಿ ಮೀರಿದ ಮಾತ್ರೆಯನ್ನು ‘ಯಾರಿಗಾದ್ರೂ ಆಗುತ್ತೆ’ ಎಂದು ಕೆಲಸದವಳ ಕೈಗೆ ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಅವಳ ಮಕ್ಕಳೂ ಮಕ್ಕಳೇ.

ಎರಡನೆಯ ವಾರ: ನನ್ನ ತಪ್ಪು

ಎಂಟು ದಿನಕ್ಕೆ ನನಗೆ ಒಂಥರಾ ಹುಮ್ಮಸ್ಸು ಬಂದಿತ್ತು. ಖಾಲಿಯಾದ ಮೂಲೆ ನೋಡಿದಷ್ಟೂ ಇನ್ನೊಂದು ಮೂಲೆ ಖಾಲಿ ಮಾಡುವ ಆಸೆ. ಅತ್ತೆ ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತಿದ್ದರು. ನಾನು ಏನು ಎತ್ತಿದರೂ, “ಅದು ಇರ್ಲಿ ಕಣೇ” ಎನ್ನುವುದು. ಹಿಡಿ ಮುರಿದ ಸೌಟಿಗೂ ಅದೇ, ತೂತು ಬಿದ್ದ ಚೊಂಬಿಗೂ ಅದೇ. ಹೀಗಾದರೆ ಭಾನುವಾರ ಬಂದರೂ ಮನೆ ಖಾಲಿಯಾಗದು ಎಂದು ಒಂದು ಉಪಾಯ ಮಾಡಿದೆ. ಮಧ್ಯಾಹ್ನ ಅವರು ಮಲಗಿದ್ದ ಹೊತ್ತಿಗೆ ಗುಜರಿಯವನನ್ನು ಹಿತ್ತಿಲ ಬಾಗಿಲಿಗೆ ಕರೆಸಿ, ಅಟ್ಟದ ನಾಲ್ಕು ಗೋಣಿಚೀಲವನ್ನು ತೂಕಕ್ಕೆ ಹಾಕಿಸಿಬಿಟ್ಟೆ. ಮುರಿದ ನಲ್ಲಿ, ಕೊಕ್ಕೆ, ಸೀಮೆಣ್ಣೆ ಸ್ಟೋವು, ನೆಗ್ಗಿಹೋದ ಹಿತ್ತಾಳೆ ಪಾತ್ರೆ ಪಡಗ. ಕೈಗೆ ಬಂದ ದುಡ್ಡು ಎಣಿಸಿಕೊಂಡು ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಸಂಜೆ ಕಾಫಿ ಕುಡಿಯುತ್ತಾ ಅತ್ತೆ ಕೇಳಿದರು: “ಅಟ್ಟದ ಮೇಲೆ ನನ್ನ ಸೇರು ಇತ್ತಲ್ಲ, ಅದನ್ನ ಇಳಿಸಿದ್ಯಾ? ಹುಡುಗರು ಬರ್ತಾರಲ್ಲ, ತೋರಿಸೋಣ.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಯಾವ ಸೇರು ಎಂದು ನಾನು ಕೇಳಬೇಕಾಗಿರಲಿಲ್ಲ. ಅತ್ತೆ ಮದುವೆಯಾಗಿ ಈ ಮನೆ ಹೊಸಿಲು ದಾಟುವಾಗ ಬಲಗಾಲಲ್ಲಿ ಒದ್ದ ಸೇರು ಅದು. 1957ನೇ ಇಸವಿ, ನಯಾಪೈಸೆ ಬಂದ ವರ್ಷವೇ ನಾನೂ ಬಂದೆ ಎಂದು ಯಾವಾಗಲೂ ಹೇಳುತ್ತಿದ್ದರು. ಮೂವತ್ತೆಂಟು ವರ್ಷದ ಹಿಂದೆ ನಾನು ಬಂದಾಗಲೂ ಹೊಸಿಲ ಮೇಲೆ ಅಕ್ಕಿ ತುಂಬಿಟ್ಟಿದ್ದದ್ದು ಅದೇ ಸೇರು. ಗಾಬರಿಯಲ್ಲಿ ಜೋರಾಗಿ ಒದ್ದು, ಅದು ಉರುಳಿ ಕಂಬಕ್ಕೆ ಬಡಿದು ನೆಗ್ಗಿತ್ತು. ಎಲ್ಲರೂ ನಕ್ಕಾಗ, “ಇರ್ಲಿ ಬಿಡಿ, ಹುಡುಗಿ ಕಾಲ್ಗುಣ ಜೋರಾಗಿದೆ” ಎಂದು ನನ್ನ ಮಾನ ಉಳಿಸಿದವರೂ ಈ ಅತ್ತೆಯೇ. ಅಂಥ ಸೇರನ್ನು ‘ನೆಗ್ಗಿಹೋದ ಹಿತ್ತಾಳೆ’ ಎಂದು ನಾನೇ ತೂಕಕ್ಕೆ ಹಾಕಿದ್ದೆ.

ನಮ್ಮವರು ಸ್ಕೂಟರ್ ತೆಗೆದುಕೊಂಡು ಓಡಿದರು. ಬರಿಗೈಲಿ ಬಂದರು. ಹಿತ್ತಾಳೆಯೆಲ್ಲ ಆಗಲೇ ಕುಟ್ಟಿ ಚಪ್ಪಟೆ ಮಾಡಿ ಲಾರಿಗೆ ಹೇರಿ ಕಳಿಸಿಯಾಗಿತ್ತಂತೆ. ಗುಜರಿಯವನದೇನು ತಪ್ಪು? ಕೊಟ್ಟವಳು ನಾನು.

ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಹೋಗ್ಲಿ ಬಿಡು” ಎಂದು ಒಳಗೆ ಹೋದರು. ಆಮೇಲೆ ನಾಲ್ಕು ದಿನ ತಟ್ಟೆಯಲ್ಲಿ ಅನ್ನ ಉಳಿಯಿತು. ಸಂಜೆ ದೇವಸ್ಥಾನಕ್ಕೂ ಹೋಗಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನು ಬಾಗಿಲು ಸಾರಿಸುತ್ತಿರುವಾಗ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು.

“ನಿಜ ಹೇಳು. ಮನೆ ಮಾರ್ತಿದೀರಾ?”

ನಾನು ಕೈಯಲ್ಲಿದ್ದ ಬಟ್ಟೆ ಬಿಟ್ಟೆ. “ಯಾರು ಹೇಳಿದ್ದು ಅತ್ತೆ?”

“ಯಾರೂ ಹೇಳ್ಲಿಲ್ಲ. ಅಟ್ಟ ಖಾಲಿ ಮಾಡ್ತೀರಿ, ಮಂಚ ಸಾಗಿಸ್ತೀರಿ, ಪತ್ರಗಳನ್ನ ಬೇರೆ ತೆಗೆದಿಡ್ತೀರಿ. ಬೆಂಗಳೂರಿಂದ ಲೆಕ್ಕದ ಆಫೀಸಿನೋರು ಹದಿನಾರು ಜನ ಮನೆ ನೋಡೋಕೆ ಬರ್ತಾರೆ. ನಾನೇನು ಚಿಕ್ಕ ಮಗೂನೇ?”

ನೋಡಿ, ಹೇಗಿದೆ! ಒಂದೊಂದೂ ಅವರ ಕಣ್ಣಿಗೆ ಸರಿಯಾಗಿಯೇ ಕೂಡಿಕೊಂಡಿತ್ತು. ಪಾರ್ಟಿಯ ಸಂಗತಿ ಹೇಳಿದ್ದೆವು, ನಿಜ. ಆದರೆ ಯಾಕೆ, ಏನು, ಯಾವುದು ಇರುತ್ತದೆ, ಯಾವುದು ಹೋಗುತ್ತದೆ ಎಂದು ಕೂತು ಕೇಳಿರಲಿಲ್ಲ. ಅರುವತ್ತೆಂಟು ವರ್ಷ ಬಾಳಿದ ಮನೆ ತಮ್ಮ ಕಣ್ಣೆದುರೇ ಖಾಲಿಯಾಗುವುದನ್ನು ಆ ಜೀವ ಎರಡು ವಾರ ಸುಮ್ಮನೆ ನೋಡುತ್ತಾ ಕೂತಿತ್ತು. “ಇರ್ಲಿ ಕಣೇ, ಇರ್ಲಿ ಕಣೇ” ಎಂದದ್ದು ಸೌಟಿನ ಮೇಲಿನ ಆಸೆಯಿಂದಲ್ಲ. ನಾವು ಅವರನ್ನೂ ಈ ಮನೆಯಲ್ಲಿ ಇರಗೊಡುತ್ತೇವೋ ಇಲ್ಲವೋ ಎಂಬ ಭಯ.

ನಮ್ಮವರು ಮಾತಿನ ಮನುಷ್ಯರಲ್ಲ. ಒಳಗೆ ಹೋಗಿ ಕ್ರಯಪತ್ರದ ಕವರು ತಂದು ತಾಯಿಯ ಮಡಿಲಲ್ಲಿ ಇಟ್ಟರು. “ಅಮ್ಮಾ, ಇದು ನಿನ್ನ ಪೆಟ್ಟಿಗೇಲೇ ಇರ್ಲಿ. ಬೀಗದ ಕೈ ನಿನ್ನ ಸೊಂಟದಲ್ಲೇ ಇರ್ಲಿ” ಎಂದರು. ಅಂದು ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಕಾಲಿಗೆ ಬಿದ್ದೆ. “ಏಳು, ಸೊಂಟ ಹಿಡ್ಕೊಂಡೀತು” ಎಂದರು.

ಐದನೆಯ ಗುಡ್ಡೆ ಯಾವುದೆಂದು ಈಗ ನಿಮಗೆ ಗೊತ್ತಾಗಿರಬೇಕು. ‘ಕೇಳಿ ತೀರ್ಮಾನಿಸಬೇಕಾದದ್ದು.’ ಒಬ್ಬರ ವಸ್ತುವನ್ನು ಇನ್ನೊಬ್ಬರು ಮಾರಕೂಡದು, ಕೊಡಕೂಡದು, ಎಸೆಯಕೂಡದು. ಗಂಡನ ಹಳೇ ಪತ್ರಿಕೆಯಾಗಲಿ, ಮಗನ ಕ್ರಿಕೆಟ್ ಬ್ಯಾಟಾಗಲಿ, ಅತ್ತೆಯ ಸೌಟಾಗಲಿ, ಇದೇ ಮಾತು. ವಯಸ್ಸಾದವರು ಇರುವ ಮನೆಯಲ್ಲಿ ಮೊದಲ ದಿನವೇ ಅವರನ್ನು ಕೂರಿಸಿ ಯಾಕೆ ಖಾಲಿ ಮಾಡುತ್ತಿದ್ದೇವೆಂದು ಹೇಳಿ. ದಿನಕ್ಕೆ ಐದಾರು ವಸ್ತುವಷ್ಟೇ ಅವರ ಮುಂದಿಡಿ. ಪ್ರತಿಯೊಂದಕ್ಕೂ ಒಂದು ಕಥೆ ಹೇಳುತ್ತಾರೆ, ಕೇಳಿ. ಕಥೆ ಹೇಳಿ ಮುಗಿಸಿದ ಮೇಲೆ ಅರ್ಧಕ್ಕರ್ಧ ವಸ್ತುಗಳನ್ನು ಅವರೇ, “ಇದು ಯಾರಿಗಾದ್ರೂ ಕೊಡು” ಎನ್ನುತ್ತಾರೆ. ಇದು ನಮ್ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದು. ಆ ಮೇಲಿನ ವಾರದಲ್ಲಿ ನನ್ನ ಉಪಾಯದಿಂದ ಹೋದದ್ದಕ್ಕಿಂತ ಹೆಚ್ಚು ಸಾಮಾನು ಅತ್ತೆಯ ಕೈಯಿಂದಲೇ ಹೋಯಿತು.

ಮೂರನೆಯ ವಾರ: ಪಾರ್ಟಿಯ ಸಿದ್ಧತೆ

ಉಳಿದ ಹಿತ್ತಾಳೆ ತಾಮ್ರವನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆವು. ಒಂದು ಎಚ್ಚರಿಕೆ: ಕಲಾಯಿ ಹೋದ ಹಿತ್ತಾಳೆ ತಾಮ್ರದ ಪಾತ್ರೆಯಲ್ಲಿ ಹುಳಿ, ಸಾರು, ಮಜ್ಜಿಗೆ ಮಾಡಬೇಡಿ, ಇಡಲೂ ಬೇಡಿ. ಹುಳಿಗೆ ಲೋಹ ಬಿಟ್ಟುಕೊಂಡು ಕಿಲುಬಾಗುತ್ತದೆ, ಹೊಟ್ಟೆ ಕೆಡುತ್ತದೆ. ಪಾತ್ರೆ ಕಾಯಿಸಿ, ನವಸಾಗರ ಹಾಕಿ ಒರೆಸಿ, ತವರ ಬಳಿಯುವವರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ. ಸಿಗದಿದ್ದರೆ ಅಂಥ ಪಾತ್ರೆ ನೋಡಲು ಮಾತ್ರ ಇರಲಿ.

ಆಫೀಸಿನವರನ್ನು ಮನೆಗೆ ಕರೆಯುವವರಿಗೆ ನಾನು ಕಂಡುಕೊಂಡ ನಾಲ್ಕು ಮಾತು. ಅವರು ಬರುವ ಗಾಡಿಯ ಹೊತ್ತು ಕೇಳಿ ಅಡಿಗೆಯ ಹೊತ್ತು ಗೊತ್ತು ಮಾಡಿಕೊಳ್ಳಿ. ಯಾರಿಗೆ ಏನು ಆಗದು ಎಂದು ಮೊದಲೇ ವಿಚಾರಿಸಿ. ನೆಲದ ಮೇಲೆ ಕೂರಲಾಗದವರಿಗೆ ನಾಲ್ಕು ಕುರ್ಚಿ, ಒಂದು ಮೇಜು ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಬಚ್ಚಲು, ಪಾಯಿಖಾನೆ ಶುಭ್ರವಾಗಿರಲಿ, ಒಳಗಿನಿಂದ ಚಿಲಕ ಸರಿಯಾಗಿ ಬೀಳಲಿ. ಹತ್ತು ಬಗೆ ಭಕ್ಷ್ಯಕ್ಕಿಂತ ಇದು ದೊಡ್ಡದು. ಇನ್ನೊಂದು ಮಾತನ್ನು ಸೊಸೆಗೆ ಖಂಡಿತವಾಗಿ ಹೇಳಿದ್ದೆ: “ಯಾರೂ ಉಡುಗೊರೆ ತರೋದು ಬೇಡ. ಅಟ್ಟ ಈಗ ತಾನೇ ಖಾಲಿಯಾಗಿದೆ!”

ಅಡಿಗೆ ಜಾಸ್ತಿ ಮಾಡಲಿಲ್ಲ. ಬಂದ ಕೂಡಲೇ ಬೆಲ್ಲದ ಕಾಫಿ, ಎಳ್ಳುಬೆಲ್ಲ. ಊಟಕ್ಕೆ ಕೋಸಂಬರಿ, ಅಕ್ಕಿರೊಟ್ಟಿ, ಸೊಗಡಿನ ಅವರೆಯ ಹಿತಕಬೇಳೆ ಸಾರು, ಅನ್ನ, ತಿಳಿಸಾರು, ಮಜ್ಜಿಗೆ. ಸಿಹಿಗೆ, ಅಟ್ಟದಿಂದ ಇಳಿದ ಶಾವಿಗೆ ಒರಳಿನಲ್ಲೇ ಒತ್ತಿದ ಶಾವಿಗೆ, ಕಾಯಿಹಾಲು. ಅದರ ಕ್ರಮ ಹೀಗೆ.

ಒತ್ತುಶಾವಿಗೆ, ಕಾಯಿಹಾಲು (18 ಜನಕ್ಕೆ)

ಶಾವಿಗೆಗೆ: ಅಕ್ಕಿ ಒಂದೂವರೆ ಕಿಲೋ, ತೆಂಗಿನ ತುರಿ ಒಂದು ಬಟ್ಟಲು, ಎಣ್ಣೆ 3 ಚಮಚ, ಉಪ್ಪು ರುಚಿಗೆ.

ಕಾಯಿಹಾಲಿಗೆ: ಬಲಿತ ತೆಂಗಿನಕಾಯಿ 4, ಬೆಲ್ಲ ಮುಕ್ಕಾಲು ಕಿಲೋ, ಏಲಕ್ಕಿ 12.

ಅಕ್ಕಿಯನ್ನು 5 ಗಂಟೆ ನೆನೆಸಿ, ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ. ನೀರು ಸೇರಿಸಿ ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದ ಮಾಡಿಕೊಳ್ಳಿ. ದಪ್ಪ ತಳದ ಪಾತ್ರೆಗೆ ಹಾಕಿ, ಉಪ್ಪು ಎಣ್ಣೆ ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ತಳ ಬಿಟ್ಟು ಮುದ್ದೆಯಾದಾಗ ಇಳಿಸಿ, ಕೈಗೆ ನೀರು ಮುಟ್ಟಿಸಿಕೊಂಡು ಒರಳಿಗೆ ಹಿಡಿಸುವಷ್ಟು ಉಂಡೆ ಕಟ್ಟಿ. ಉಂಡೆಗಳನ್ನು ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಹಬೆಯಲ್ಲಿ ಬೇಯಿಸಿ. ಬಿಸಿಯಾಗಿರುವಾಗಲೇ ಒತ್ತಬೇಕು, ಆರಿದರೆ ಭೀಮಸೇನ ಬಂದರೂ ಇಳಿಯದು.

ಕಾಯಿ ತುರಿದು ರುಬ್ಬಿ ಮೊದಲ ಗಟ್ಟಿ ಹಾಲು ಹಿಂಡಿ ಬೇರೆ ಇಡಿ. ಚರಟಕ್ಕೆ ನೀರು ಬೆರೆಸಿ ಮತ್ತೆ ರುಬ್ಬಿ ಎರಡನೆಯ ಹಾಲು ತೆಗೆಯಿರಿ. ಅದರಲ್ಲಿ ಬೆಲ್ಲ ಕರಗಿಸಿ, ಶೋಧಿಸಿ, ಸ್ವಲ್ಪ ಬಿಸಿ ಮಾಡಿ ಆರಲು ಬಿಡಿ. ಪೂರ್ತಿ ಆರಿದ ಮೇಲೆ ಗಟ್ಟಿ ಹಾಲು, ಏಲಕ್ಕಿ ಪುಡಿ ಸೇರಿಸಿ. ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ. ನಾಲ್ಕೈದು ಜನರ ಮನೆಗೆ ಎಲ್ಲವನ್ನೂ ಕಾಲುಭಾಗ ಮಾಡಿಕೊಂಡರೆ ಸಾಕು.

ಆ ಭಾನುವಾರ

ಬೆಳಗಿನ ರೈಲಿನಲ್ಲಿ ಹದಿನಾರು ಜನ ಬಂದಿಳಿದರು. ಹುಡುಗಿಯರೆಲ್ಲ ಸೀರೆ ಉಟ್ಟು, ಹುಡುಗರು ಪಂಚೆ ಉಟ್ಟು ಮೇಲೆ ಬೆಲ್ಟು ಬಿಗಿದು ಬಂದಿದ್ದರು. ಬಂದವರೇ ಬಾವಿಯ ಸುತ್ತ ನಿಂತು ನೀರು ಸೇದಿದ್ದೇ ಸೇದಿದ್ದು. ನಮ್ಮನೆಯ ಹಂಡೆ, ಬಕೆಟ್ಟು, ತೊಟ್ಟಿ ಎಲ್ಲ ತುಂಬಿದವು. ದುಡ್ಡು ಕೊಟ್ಟರೂ ಅಂಥ ಆಳುಗಳು ಸಿಗುವುದಿಲ್ಲ.

ನಡುಮನೆಯಲ್ಲಿ ಜಮಖಾನ ಹಾಸಿ ಅಟ್ಟದ ಹನ್ನೆರಡು ವಸ್ತುಗಳನ್ನು ನಂಬರು ಹಾಕಿ ಜೋಡಿಸಿದ್ದೆವು. ಏನು, ಯಾತಕ್ಕೆ ಎಂದು ಚೀಟಿಯಲ್ಲಿ ಬರೆಯಬೇಕು. ಕಡಗೋಲು, ಅಡಕೊತ್ತು, ಗಿಂಡಿ, ಲಾಟೀನು, ಅಳಗುಳಿಮಣೆ, ಒಂದರಿ, ಪಾವು, ಚಟಾಕು ಹೀಗೆ. ಶಾವಿಗೆ ಒರಳಿಗೆ ಒಬ್ಬ ಹುಡುಗ ‘ಕಬ್ಬಿನ ಹಾಲಿನ ಯಂತ್ರ’ ಎಂದು ಬರೆದ. ಮಾವನವರ ಪೀಕದಾನಿಯನ್ನು ಹೂದಾನಿ ಎಂದುಕೊಂಡು ಒಬ್ಬಳು ಅದರಲ್ಲಿ ದಾಸವಾಳ ಸಿಕ್ಕಿಸಿ ಫೋಟೋ ತೆಗೆಸಿಕೊಂಡಳು. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ತಿಂಗಳಾಗಿತ್ತು ಆ ನಗೆ ನೋಡಿ.

ಆಮೇಲೆ ಅತ್ತೆಯದೇ ಆಟ. “ನೀವೆಲ್ಲ ಲೆಕ್ಕದೋರಂತೆ. ಸೇರಕ್ಕಿಗೆ ಆರಾಣೆ ಆದ್ರೆ ಮೂರು ಪಾವಿಗೆ ಎಷ್ಟು?” ಎಂದರು. ಕೋಟಿಗಟ್ಟಲೆ ಲೆಕ್ಕ ತಪಾಸಣೆ ಮಾಡುವ ಹದಿನಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೇಬಿಗೆ ಕೈಹಾಕಿದರು. ಫೋನಿಗೂ ಪಾವು ಗೊತ್ತಿರಬೇಕಲ್ಲ! ಅತ್ತೆಯೇ ಹೇಳಿಕೊಟ್ಟರು. ಸೇರಿಗೆ ನಾಲ್ಕು ಪಾವು, ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಆದ್ದರಿಂದ ಉತ್ತರ ನಾಲ್ಕಾಣೆ ಆರು ಪೈ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಒಬ್ಬಳು ಹುಡುಗಿ ಜಮಖಾನದ ಕಡೆ ನೋಡಿ ಕೇಳಿಬಿಟ್ಟಳು: “ಅಜ್ಜೀ, ಪಾವಿದೆ, ಚಟಾಕಿದೆ. ಸೇರು ಎಲ್ಲಿ?”

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೆಲ ಬಾಯಿಬಿಡಬಾರದೇ ಅನಿಸಿತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ.

“ಇತ್ತಮ್ಮ. ಹಳೇದಾಗಿತ್ತು, ಹೋಯ್ತು. ಅದನ್ನ ಒದ್ಕೊಂಡು ಒಳಗೆ ಬಂದೋಳು ಇಲ್ಲೇ ಇದೀನಲ್ಲ, ನನ್ನೇ ನೋಡಿ” ಎಂದರು.

ಎಲ್ಲರೂ ನಕ್ಕರು. ನಾನು ಒಲೆ ನೋಡುವ ನೆಪ ಮಾಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಸಂಜೆ ಹೊರಡುವಾಗ ಅತ್ತೆ ಮೂರನೆಯ ಗುಡ್ಡೆಯ ಹತ್ತಿರ ಎಲ್ಲರನ್ನೂ ಕರೆದರು. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಬಂದು ಅಟ್ಟ ಸೇರಿದ್ದ ಹೆಸರು ಕೊರೆದ ಸ್ಟೀಲ್ ಡಬ್ಬ, ಲೋಟ, ತಟ್ಟೆಗಳು. ಒಬ್ಬೊಬ್ಬರಿಗೂ ಒಂದೊಂದು, ಒಳಗೆ ಎರಡು ಹಿಡಿ ಎಳ್ಳುಬೆಲ್ಲ. “ಖಾಲಿ ಡಬ್ಬ ಕೊಡಬಾರ್ದು” ಎಂದು ಅವರೇ ತುಂಬಿಸಿದರು. ಕೊನೆಗೆ ಸೊಸೆ ಕಾಲಿಗೆ ಬಿದ್ದಾಗ ಜಮಖಾನದ ಮೇಲಿದ್ದ ಹಿತ್ತಾಳೆ ಪಾವನ್ನು ತೆಗೆದು ಅವಳ ಕೈಗಿಟ್ಟರು. ಅವಳ ಮದುವೆಯಲ್ಲಿ ಛತ್ರದವರು ಬಣ್ಣ ಬಳಿದು ಇಟ್ಟಿದ್ದ ಬಾಡಿಗೆ ಸೇರನ್ನು ಒದ್ದು ಬಂದವಳು ಅವಳು.

“ಬೆಂಗಳೂರಲ್ಲಿ ದಿನಾ ಇದರಲ್ಲೇ ಅಕ್ಕಿ ಅಳಿ. ಅಟ್ಟಕ್ಕೆ ಹಾಕಬೇಡ” ಎಂದರು.

ಮೊನ್ನೆ ಫೋನಿನಲ್ಲಿ ಸೊಸೆ ಹೇಳುತ್ತಿದ್ದಳು: “ಅತ್ತೆ, ಒಂದು ಪಾವು ಹಾಕಿದ್ರೆ ನಮ್ಮಿಬ್ಬರಿಗೆ ಸರಿಯಾಗುತ್ತೆ. ಅನ್ನ ಮಿಗೋದೇ ಇಲ್ಲ.”

ಅದನ್ನು ಅತ್ತೆಗೆ ಹೇಳಿದೆ. ಜಪಮಾಲೆ ಎಣಿಸುತ್ತಿದ್ದವರು ಬೆರಳು ನಿಲ್ಲಿಸಿ, “ನೆಂಟರು ಬಂದ್ರೆ ಒಂದೂವರೆ ಹಾಕು ಅಂತ ಹೇಳು” ಎಂದರು.

ನಿಮ್ಮ ಮನೆಯ ಅಟ್ಟದಲ್ಲಿ ಏನೇನಿದೆ? ಇಳಿಸಿ ನೋಡಿ. ಆದರೆ ಮೊದಲು ಕೇಳಿ, ಆಮೇಲೆ ಇಳಿಸಿ.